ತಾಮ್ರದ ಬಿಲ್ಲೆಗೆ ದೀಪಾಲಂಕಾರ

ಮೊನ್ನೆ ಶುಕ್ರವಾರ ನನ್ನ ಹೆಂಡತಿ ಸಾವಿತ್ರಿ ದೇವರ ಸಾಮಾನನ್ನೆಲ್ಲ ಹಿತ್ತಲಿಗೆ ತಂದುಕೊಂಡು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಚೊಂಬು, ಗಂಟೆ, ಎರಡು ದೀಪದ ಕಂಬ, ಅವುಗಳ ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ಚೌಕನೆಯ ಒಂದು ತಾಮ್ರದ ಬಿಲ್ಲೆ. ಆ ಬಿಲ್ಲೆ ಕೈಗೆ ಬಂದಾಗಲೆಲ್ಲ ಅವಳು ನನ್ನ ಕಡೆ ನೋಡಿ ಒಂದೇ ಪ್ರಶ್ನೆ ಕೇಳುತ್ತಾಳೆ. ಈ ಸಲವೂ ಕೇಳಿದಳು.

“ಇದ್ನೂ ತಿಕ್ಲಾ, ಇಲ್ಲ ಗುಜ್ರಿಯವ್ನಿಗೆ ಆಕ್ಲಾ?”

“ತಿಕ್ಕು” ಅಂದೆ.

“ದೇವ್ರಲ್ಲ, ದಿಂಡ್ರಲ್ಲ. ಇದುಕ್ಯಾಕೆ ಹುಣಸೆಹಣ್ಣು ದಂಡ ಮಾಡ್ಬೇಕು ನಾನು?”

ಅವಳು ಹೇಳುವುದು ಸರಿ. ಅದು ದೇವರಲ್ಲ, ಕಂಪ್ಯೂಟರಿನ ತಲೆಯನ್ನು ತಣ್ಣಗಿಡುವ ಸಾಮಾನು. ವಾಟರ್ ಬ್ಲಾಕ್ ಅನ್ನುತ್ತಾರೆ. ಕಂಪ್ಯೂಟರಿನ ಮುಖ್ಯ ಚಿಪ್ ಮೇಲೆ ಇದನ್ನು ಬಿಗಿದು ಕೂರಿಸಿ, ಹೊಟ್ಟೆಯೊಳಗೆ ನೀರು ಹರಿಸಿದರೆ ಆ ನೀರು ಕಾವನ್ನೆಲ್ಲ ಹೊತ್ತುಕೊಂಡು ಆಚೆ ಹೋಗುತ್ತದೆ. ಆಗ ಇದರ ಮೇಲೆ ಗಾಜಿನಷ್ಟು ತಿಳಿಯಾದ ಅಕ್ರಿಲಿಕ್ ಮುಚ್ಚಳವಿತ್ತು. ಮುಚ್ಚಳದ ಸುತ್ತ ಹನ್ನೆರಡು ದೀಪಗಳಿದ್ದವು. ಆ ಹನ್ನೆರಡು ದೀಪ ಕೊಟ್ಟಷ್ಟು ಕಾಟವನ್ನು ನನಗೆ ದಾಯಾದಿಗಳೂ ಕೊಟ್ಟಿಲ್ಲ. ಈಗಲೂ ಯಾರದಾದರೂ ಮನೆ ಮುಂದೆ ಸೀರಿಯಲ್ ಸೆಟ್ ಮಿಣಕ್ ಮಿಣಕ್ ಅನ್ನುವುದನ್ನು ಕಂಡರೆ ನನಗೆ ಸುಮ್ಮಸುಮ್ಮನೆ ರೇಗುತ್ತದೆ.

ಇದೆಲ್ಲ ನಾನು ಹೊಳೆನರಸೀಪುರದಲ್ಲಿ ಮದುವೆಗಳ ವಿಡಿಯೋ ಮಾಡುತ್ತಿದ್ದ ಕಾಲದ ಕಥೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ, ಮೇಲೆ ಸಿಮೆಂಟ್ ಶೀಟು. ಮದುವೆಗೆ ಹೋಗಿ ಕ್ಯಾಮೆರಾದಲ್ಲಿ ತೆಗೆದು ತಂದದ್ದನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಹಾಡು ಸೇರಿಸಿ, ಸಿ.ಡಿ. ಮಾಡಿ ಕೊಡುತ್ತಿದ್ದೆ. ಇದಕ್ಕೆ ಮಿಕ್ಸಿಂಗ್ ಎಂದು ಹೆಸರು. ನನ್ನ ಮಿಕ್ಸಿಂಗಿನಲ್ಲಿ ಹೆಣ್ಣು ಗುಲಾಬಿ ಹೂವಿನೊಳಗಿಂದ ಎದ್ದು ಬರುತ್ತಿದ್ದಳು, ಗಂಡು ತಾವರೆಯೊಳಗಿಂದ. ಆಮೇಲೆ ಇಬ್ಬರೂ ಯಾವುದೋ ಹಿಮದ ಬೆಟ್ಟದ ಮೇಲೆ, ಅವನು ಪಂಚೆಯಲ್ಲಿ, ಅವಳು ಧಾರೆ ಸೀರೆಯಲ್ಲಿ, ಚಳಿಯೇ ಇಲ್ಲದವರ ಹಾಗೆ ನಿಂತಿರುತ್ತಿದ್ದರು. ಶಾಂತಿಗ್ರಾಮದ ಮದುವೆಗೂ ಅದೇ ಗುಲಾಬಿ, ನುಗ್ಗೇಹಳ್ಳಿಯ ಮದುವೆಗೂ ಅದೇ ಬೆಟ್ಟ. ನನಗೆ ಗೊತ್ತಿದ್ದದ್ದೇ ಅಷ್ಟು, ಅದರ ಮೇಲೆ ನನಗಿದ್ದ ಜಂಬ ಮಾತ್ರ ಅಷ್ಟಿಷ್ಟಲ್ಲ.

ಆ ವರ್ಷದ ಬೇಸಿಗೆಯಲ್ಲಿ ಕಂಪ್ಯೂಟರು ಕೈ ಕೊಡಲು ಶುರುಮಾಡಿತು. ಸಿ.ಡಿ.ಗೆ ಸಿದ್ಧಮಾಡಲು ಬಿಟ್ಟರೆ ಗಂಟೆಗಟ್ಟಲೆ ದುಡಿಯಬೇಕಾದದ್ದು, ಕಾಲು ಗಂಟೆಗೆಲ್ಲ ಕಾದು ಟಪ್ಪನೆ ಆರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ ಹಾಕಬೇಕು, ಮತ್ತೆ ಟಪ್. ಹೀಗೆ ಆರುತ್ತಾ ಆರುತ್ತಾ ಒಂದು ದಿನ ಒಳಗಿರುವುದನ್ನೆಲ್ಲ ನುಂಗಿಕೊಂಡು ಕೂರುತ್ತದೆ ಎಂಬ ಭಯ ಬೇರೆ. ಸಾವಿತ್ರಿ ಬಾಗಿಲಲ್ಲಿ ನಿಂತು ನೋಡಿ ಹೇಳಿದಳು.

“ಆ ಡಬ್ಬದ ಬಾಗ್ಲು ಬಿಚ್ಚಿ ಮುಂದ್ಗಡೆ ಟೇಬಲ್ ಫ್ಯಾನ್ ಇಡ್ರೀ.”

ಇಂಥ ಸೂಕ್ಷ್ಮ ಯಂತ್ರದ ವಿಷಯ ನಿನಗೆ ತಿಳಿಯುವುದಿಲ್ಲ ಎಂದು ಅವಳನ್ನು ಒಳಗೆ ಕಳಿಸಿದೆ. ಈ ಮಾತನ್ನು ಅವಳು ಇವತ್ತಿಗೂ ಮರೆತಿಲ್ಲ.

ಇದೇ ಸಮಯಕ್ಕೆ ಅರಕಲಗೂಡಿನಿಂದ ಪುಟ್ಟಸ್ವಾಮಿ ಮೇಷ್ಟ್ರು ಬಂದರು. ರಿಟೈರ್ ಆದವರು, ಬಿಳಿ ಪಂಚೆ, ಕೈಯಲ್ಲಿ ಕೊಡೆ. ಅವರ ಮಗಳ ಮದುವೆಗೆ ನಾನೇ ವಿಡಿಯೋ ಮಾಡಿದ್ದೆ. ಮದುವೆಯಾಗಿ ತಿಂಗಳೊಪ್ಪತ್ತಿಗೆ ಮೇಷ್ಟ್ರ ಹೆಂಡತಿ ಜಯಮ್ಮನವರು ತೀರಿಕೊಂಡರು ಎಂದು ಕೇಳಿದ್ದೆ. ನೋಡಲು ಹೋಗಬೇಕಿತ್ತು, ಹೋಗಿರಲಿಲ್ಲ.

“ಮಂಜುನಾಥ, ಸಿ.ಡಿ. ಆದಾಗ ಕೊಡಪ್ಪ, ಅರ್ಜೆಂಟೇನಿಲ್ಲ” ಅಂದರು. ಕೊಡೆಯ ಹಿಡಿಯನ್ನು ನೋಡುತ್ತಾ, “ಫೋಟೋ ಅವೆ ಮನೇಲಿ. ಅವಳ ದನಿ ಮಾತ್ರ ಬ್ಯಾರೆಲ್ಲೂ ಇಲ್ಲ ನೋಡು, ಅದುಕ್ಕೇ ಕೇಳ್ದೆ” ಅಂದರು.

ಆಗ ನನ್ನ ಹತ್ತಿರ ಇದ್ದದ್ದು ಮೂರೇ ಕ್ಯಾಸೆಟ್. ಒಂದು ಮದುವೆಯದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಮದುವೆ ತೆಗೆಯುತ್ತಿದ್ದೆ. ಜಯಮ್ಮನವರ ಮೇಲೆ ಆಗಲೇ ಇನ್ನಾರದೋ ಬೀಗರ ಔತಣ ಕೂತಿತ್ತು. ಆ ತಾಯಿಯ ದನಿ ಈ ಲೋಕದಲ್ಲಿ ಉಳಿದಿದ್ದದ್ದು, ಕಾಲು ಗಂಟೆಗೊಮ್ಮೆ ಟಪ್ಪನೆ ಆರುವ ಆ ಡಬ್ಬದೊಳಗೆ ಮಾತ್ರ. ಇದನ್ನು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. “ಮುಂದಿನ್ ವಾರ ಬನ್ನಿ ಮೇಷ್ಟ್ರೇ” ಅಂದೆ.

ಅವರು ನಿಜವಾಗಿಯೂ ಮುಂದಿನ ವಾರ ಬಂದರು. ಆಮೇಲೆ ಎರಡು ದಿನ ಬಿಟ್ಟು, ಆಮೇಲೆ ದಿನ ಬಿಟ್ಟು ದಿನ. ಬೆಳಿಗ್ಗೆ ಬಸ್ಸಿಗೆ ಬಂದು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೊಡೆಯನ್ನು ಮೊಣಕಾಲ ನಡುವೆ ಊರಿಕೊಂಡು ಕೂರುವುದು, ಮಧ್ಯಾಹ್ನ ಮೂರರ ಹೊತ್ತಿಗೆ ಎದ್ದು ಹೋಗುವುದು. ಕೂಗಾಡುವ ಗಿರಾಕಿಯನ್ನು ನಾನು ನಿಭಾಯಿಸಬಲ್ಲೆ. ಸುಮ್ಮನೆ ಕೂರುವವರನ್ನು ಏನು ಮಾಡುವುದು? ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಊಟ ಆಯ್ತಾ, ಕಾಫಿ ಆಯ್ತಾ ಎಂದು ಕೇಳುವ ಸೀಮೆ ನಮ್ಮದು. ಆದರೆ ಅವರ ಜೊತೆ ಮಾತು ತೆಗೆದರೆ ಎಲ್ಲಿ ಸಿ.ಡಿ.ಗೆ ಬಂದು ನಿಲ್ಲುತ್ತದೋ ಎಂದು ನಾನು ತಲೆ ಎತ್ತುತ್ತಲೇ ಇರಲಿಲ್ಲ. ಅವರು ಕೂತಷ್ಟೂ ನನಗೆ ಅವರ ಮೇಲೇ ಸಿಟ್ಟು ಬರುತ್ತಿತ್ತು. ನಾಚಿಕೆಗೇಡು, ಆದರೆ ಇದ್ದದ್ದೇ ಹಾಗೆ.

ಕಾವು ಇಳಿಸಲೇಬೇಕಿತ್ತು. ಅಷ್ಟರಲ್ಲಿ ಒಂದು ಕಂಪ್ಯೂಟರ್ ಪತ್ರಿಕೆ ನನ್ನ ಕೈಗೆ ಸಿಕ್ಕಿತು. ಅದರಲ್ಲಿ ಯಾವುದೋ ದೇಶದ ಒಬ್ಬ ಮಹಾನುಭಾವ ತನ್ನ ಕಂಪ್ಯೂಟರಿಗೆ ನೀರು ಹಾಯಿಸಿ, ತಾಮ್ರದ ಬಿಲ್ಲೆಯ ಮುಚ್ಚಳದೊಳಗೆ ನೀಲಿ ದೀಪ ಬಿಟ್ಟುಕೊಂಡಿದ್ದ. ನೀರಿನ ಗುಳ್ಳೆಗಳೆಲ್ಲ ನೀಲಿಯಾಗಿ ಹೊಳೆಯುತ್ತಿದ್ದವು. ಆ ಚಿತ್ರ ನೋಡಿದವನೇ ನಾನು ಕೆಟ್ಟೆ. ಬೇಕಾಗಿದ್ದದ್ದು ನೀರು. ನನಗೆ ಕಂಡದ್ದು ದೀಪ. ಹೊಳೆನರಸೀಪುರದಲ್ಲಿ, ಅಷ್ಟೇಕೆ, ಇಡೀ ಹಾಸನ ಜಿಲ್ಲೆಯಲ್ಲಿ ಇಂಥದ್ದು ಯಾರ ಅಂಗಡಿಯಲ್ಲೂ ಇಲ್ಲ ಎಂಬ ಯೋಚನೆ ಬಂದ ಮೇಲೆ ನನಗೆ ಅನ್ನ ಸೇರಲಿಲ್ಲ.

ಬೆಂಗಳೂರಿಗೆ ಹೋಗಿ ಹಳೇ ಸಾಮಾನಿನ ಗಲ್ಲಿಯಲ್ಲಿ ಅಲೆದು ಬಿಲ್ಲೆ ತಂದೆ. ಮಿಕ್ಕದ್ದಕ್ಕೆಲ್ಲ ನಮ್ಮ ಜಿಲ್ಲೆಯೇ ಸಾಕಾಯಿತು. ಹಾಸನದ ಗುಜರಿಯಲ್ಲಿ ಯಾವುದೋ ಹಳೇ ಕಾರಿನ ಪುಟ್ಟ ರೇಡಿಯೇಟರ್ ಸಿಕ್ಕಿತು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪ್ಲಾಸ್ಟಿಕ್ ಪೈಪು ತಂದೆ. ನೀರು ನಿಲ್ಲಿಸಲು ಬೇಕರಿಯವರು ಬಿಸ್ಕತ್ತು ತುಂಬಿಡುವ ದೊಡ್ಡ ಗಾಜಿನ ಭರಣಿ, ಅದರೊಳಗೆ ಮುಳುಗಿಸಿಡಲು ಕೂಲರಿನ ಸಣ್ಣ ಮೋಟಾರು. ಮುಚ್ಚಳದ ಅಂಚನ್ನು ನಯವಾದ ಮರಳು ಕಾಗದದಿಂದ ಉಜ್ಜಿ ಮಂಜುಗಟ್ಟಿದ ಹಾಗೆ ಮಾಡಿದರೆ ಬೆಳಕು ಅಲ್ಲಿ ನಿಂತು ಹೊಳೆಯುತ್ತದೆ ಎಂದು ಪತ್ರಿಕೆಯಲ್ಲಿ ಬರೆದಿತ್ತು. ಉಜ್ಜಿದೆ. ಎರಡು ದಿನ ಉಜ್ಜಿದೆ. ನಾನು ಉಜ್ಜುವುದನ್ನು ಮೇಷ್ಟ್ರು ಬೆಂಚಿನ ಮೇಲೆ ಕೂತು ನೋಡಿದರು. ಇದೂ ಸಿ.ಡಿ.ಯ ಕೆಲಸವೇ ಇರಬೇಕು ಎಂದುಕೊಂಡರೋ ಏನೋ, ಕನ್ನಡಕ ಸರಿಮಾಡಿಕೊಂಡು ಗೌರವದಿಂದಲೇ ನೋಡಿದರು.

ಇನ್ನು ದೀಪ. ದೀಪ ಅಂದಮೇಲೆ ನಮ್ಮ ಮನೆತನದಲ್ಲಿ ಒಬ್ಬರೇ, ನಮ್ಮ ಭಾವ. ಅಕ್ಕನ ಗಂಡ ತಿಮ್ಮೇಗೌಡರು ಚನ್ನರಾಯಪಟ್ಟಣದಲ್ಲಿ ಲೈಟಿಂಗ್ಸ್ ಕಂಟ್ರಾಕ್ಟರು. ಗಣಪತಿ ಪೆಂಡಾಲು, ಮದುವೆ, ಗೃಹಪ್ರವೇಶ, ಎಲ್ಲಕ್ಕೂ ಅವರ ಸೀರಿಯಲ್ ಸೆಟ್ಟೇ. ಅವರ ವಿಷಯ ಹೇಳಬೇಕಾದರೆ ಅವರ ಮದುವೆಯ ದಿನದ ಕಥೆಯನ್ನೇ ಹೇಳಬೇಕು.

ತೊಂಬತ್ತರ ದಶಕ, ಹರದನಹಳ್ಳಿಯಲ್ಲಿ ನಮ್ಮ ಮನೆ ಮುಂದೆ ಚಪ್ಪರ. ಚಪ್ಪರಕ್ಕೆ ಲೈಟು ಕಟ್ಟಿಸಿದ್ದು ಮದುವೆ ಗಂಡಿನ ಕಡೆಯವರೇ, ಅಂದರೆ ಅವರೇ. ಇನ್ನೇನು ಎದುರುಗೊಳ್ಳುವ ಶಾಸ್ತ್ರ ಅನ್ನುವಾಗ ಒಂದು ಸಾಲು ದೀಪ ಪೂರಾ ಆರಿಹೋಯಿತು. ಸೀರಿಯಲ್ ಸೆಟ್ಟಿನ ಹಣೆಬರಹವೇ ಅದು. ಎಲ್ಲ ಬಲ್ಬುಗಳೂ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು, ಒಂದರೊಳಗಿಂದ ಹಾಯ್ದ ಕರೆಂಟೇ ಇನ್ನೊಂದಕ್ಕೆ ಹೋಗಬೇಕು. ಒಂದು ಸತ್ತರೆ ಸಾಲೇ ಸತ್ತ ಹಾಗೆ. ನೋಡುತ್ತೇವೆ, ಮದುವೆ ಗಂಡು ಬಾಸಿಂಗ ಕಟ್ಟಿಕೊಂಡೇ ಏಣಿ ಹತ್ತಿಬಿಟ್ಟಿದೆ. ಜೇಬಿನಲ್ಲಿ ಟೆಸ್ಟರು. ಸತ್ತ ಬಲ್ಬನ್ನು ಹುಡುಕಿ ಕಿತ್ತು, ಅದರ ಜಾಗಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಮಡಚಿ ತುರುಕಿ, ಸಾಲು ಹತ್ತಿಸಿದ ಮೇಲೆಯೇ ಇಳಿದದ್ದು. ಅಷ್ಟರಲ್ಲಿ ಪುರೋಹಿತರಿಗೆ ಎರಡು ಸಲ ಆಕಳಿಕೆ ಬಂದಿತ್ತು. “ಕೆಲ್ಸ ಮೊದ್ಲು ಕಣ್ಲಾ, ಮದ್ವೆ ಎಲ್ಲೋಯ್ತದೆ” ಎಂದು ನನ್ನ ಬೆನ್ನು ತಟ್ಟಿದ್ದರು. ನಮ್ಮಕ್ಕ ಆ ಮಾತನ್ನು ಅವರಿಗೆ ವರ್ಷಕ್ಕೆ ನಾಲ್ಕು ಸಲವಾದರೂ ನೆನಪಿಸುತ್ತಾಳೆ.

ಅಂಥ ಭಾವ ಬಂದು ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇಷ್ಟೇನಾ? ಇದುಕ್ಕೆ ಅನ್ನೆಲ್ಡು ಬಲ್ಬು ಸಾಕು” ಅಂದರು.

“ಭಾವ, ಪೂರಾ ನೀಲಿ ಇರ್ಬೇಕು” ಅಂದೆ.

“ನೀಲಿ ಯಾಕ್ಲಾ? ಮದ್ವೆ ಕೆಲ್ಸ ಮಾಡೋ ಮಿಷೀನು. ಕೆಂಪು, ಅರಿಸ್ನ, ಅಸ್ರು ಬರ್ಬೇಕು. ನಾಕು ಬಣ್ಣ ಓಡಾಡಂಗೆ ಮಾಡ್ಕೊಡ್ತೀನಿ ತಗ.”

ಬಣ್ಣದ ಮೇಲೆ ನಾಲ್ಕು ದಿನ ಹೋಯಿತು. ಭಾವನಿಗೆ ದೀಪ ಓಡಬೇಕು, ನನಗೆ ನಿಲ್ಲಬೇಕು. ಸಾವಿತ್ರಿಗೆ ಯಾವ ಬಣ್ಣವಾದರೂ ಸರಿ, ಕೋಣೆ ಖಾಲಿಯಾದರೆ ಸಾಕು. ಪಕ್ಕದ ಟೈಲರು ಬಂದು ಗುಲಾಬಿ ಬಣ್ಣವೇ ಲಕ್ಷಣ ಎಂದು ಹೇಳಿಹೋದ. ಅವನನ್ನು ಕೇಳಿದವರು ಯಾರು? ಕೊನೆಗೆ ಭಾವ ತಮ್ಮ ಐದಾರು ಸೆಟ್ಟುಗಳಿಂದ ನೀಲಿ ಟೋಪಿಯ ಬಲ್ಬುಗಳನ್ನೇ ಕಿತ್ತು ತಂದು, ಮುಚ್ಚಳದ ಅಂಚಿಗೆ ಹನ್ನೆರಡನ್ನೂ ಅಂಟಿಸಿದರು. ಮೊದಲ ಸಲ ಹತ್ತಿಸಿದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಮೈ ಜುಮ್ಮೆಂದಿತು. ಉಜ್ಜಿದ ಅಂಚು ಬೆಳದಿಂಗಳು ಬಿದ್ದ ಹಾಗೆ ಹೊಳೆಯಿತು. ಆದರೆ ನೀರು ರಭಸವಾಗಿ ನುಗ್ಗಿ ಮುಚ್ಚಳದಡಿ ಬರೀ ನೊರೆ ಕಾಣುತ್ತಿತ್ತು, ಪತ್ರಿಕೆಯಲ್ಲಿದ್ದ ಗುಳ್ಳೆಗಳು ಕಾಣಲಿಲ್ಲ. ನಾನು ಮುಖ ಸಣ್ಣದು ಮಾಡಿಕೊಂಡೆ.

“ನೀನ್ ಓಗಿ ಉಣ್ಕಬಾ. ನೀರ ನಾನು ಅದ ಮಾಡಿರ್ತೀನಿ” ಅಂದರು ಭಾವ.

ಊಟ ಮಾಡಿ ಬರುವಷ್ಟರಲ್ಲಿ ನೀರು ಹದವಾಗಿತ್ತು. ಸೋಮಾರಿಯಾಗಿ, ಒಂದೊಂದೇ ಗುಳ್ಳೆಯಾಗಿ ನೀಲಿಯಲ್ಲಿ ತೇಲುತ್ತಿತ್ತು. ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಮನೆಯ ಕರೆಂಟು, ಪಕ್ಕದಲ್ಲೇ ನೀರು, ನಡುವೆ ಭಾವನ ಕೈಕೆಲಸ. ಅವತ್ತಿನಿಂದ ನಾನು ರಬ್ಬರ್ ಚಪ್ಪಲಿ ಹಾಕಿಕೊಂಡು, ಮಣೆಯ ಮೇಲೆ ಕಾಲಿಟ್ಟುಕೊಂಡೇ ಮಿಕ್ಸಿಂಗ್ ಮಾಡುತ್ತಿದ್ದೆ.

ಇಷ್ಟಾದರೂ ಮೇಷ್ಟ್ರ ಕೆಲಸ ಶುರುವಾಯಿತೇ? ಇಲ್ಲ. ನಡುವೆ ನಮ್ಮವ್ವ ಇದ್ದಳು.

ಅವ್ವನದೊಂದು ಪದ್ಧತಿ. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ಬಚ್ಚಲ ಹಂಡೆಯನ್ನು ಅವಳು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ಕೆಂಪಗೆ ಮಾಡುತ್ತಿದ್ದಳು. ಸುಣ್ಣ, ಕೆಮ್ಮಣ್ಣಿನಲ್ಲಿ ಪಟ್ಟೆ ಬಳಿದು, ಕೊರಳಿಗೆ ಹೂ ಸುತ್ತಿ, ಅರಿಸಿನ ಕುಂಕುಮ ಇಟ್ಟು ನೀರು ತುಂಬುವಳು. ಆ ಒಂದು ದಿನ ಮಾತ್ರ ಹಂಡೆಯ ಮುಂದೆ ನಾವು ಬಾಯಿಬಿಟ್ಟು ಮಾತನಾಡುವಂತಿರಲಿಲ್ಲ, ಅದಕ್ಕೆ ಬೆನ್ನು ತಿರುಗಿಸಿ ಉಗುಳುವಂತಿರಲಿಲ್ಲ. ನನಗೆ ಚಿಕ್ಕಂದಿನಲ್ಲಿ ಹಂಡೆ ಅಂದರೆ ನಮ್ಮ ಮನೆಯ ಒಬ್ಬ ಹಿರಿಯಳು ಎಂದೇ ತಿಳುವಳಿಕೆ. ಮರುದಿನ ಅದೇ ನೀರಿನಲ್ಲಿ ಎಣ್ಣೆಸ್ನಾನ. ಕಣ್ಣಿಗೆ ಸೀಗೆಪುಡಿ ಹೋಗಿ ಅತ್ತದ್ದು, ಅಕ್ಕ ನಕ್ಕದ್ದು, ಎಲ್ಲ ಆ ಹಂಡೆಯ ಪಕ್ಕದಲ್ಲೇ.

ಇಂಥ ಅವ್ವ ಶುಕ್ರವಾರ ಅಂಗಡಿಗೆ ಬಂದು ನೋಡುತ್ತಾಳೆ: ತಾಮ್ರ ಇದೆ, ನೀರಿದೆ, ದೀಪ ಹತ್ತಿದೆ. ಆದರೆ ಅರಿಸಿನವಿಲ್ಲ, ತುಳಸಿಯಿಲ್ಲ. ಬಣಗುಡುತ್ತಿದೆ. ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ವಾಪಸ್ಸು ಬಂದರೆ ನೀಲಿ ದೀಪ ಹಸಿರಾಗಿ ಉರಿಯುತ್ತಿದೆ. ಭಾವ ಅದರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ.

“ನೋಡ್ಲಾ, ಅಸ್ರು ಬಂದದೆ. ಬಲ್ಬು ಕಾದ್ಮೇಲೆ ಬಣ್ಣ ಬುಡ್ತದೆ, ಒಳ್ಳೆ ಮಾಲು” ಅಂದರು.

ನಾನು ಭರಣಿಯೊಳಗೆ ಕೈಬಿಟ್ಟೆ. ತಳದಲ್ಲಿ ಅರಿಸಿನದ ಗಸಿ. ಒಂದು ತುಳಸಿ ಕುಡಿಯೂ ಇತ್ತು, ಆದರೆ ಅದರ ಎಲೆಗಳಿರಲಿಲ್ಲ. ಎಲೆಗಳೆಲ್ಲ ಮೋಟಾರಿನೊಳಗಿಂದ ಬಿಲ್ಲೆಯ ಹೊಟ್ಟೆಗೆ ಹೋಗಿ, ಕೂದಲೆಳೆಯಷ್ಟು ಸಣ್ಣ ಸಂದಿಗಳಲ್ಲಿ ಸಿಕ್ಕಿಕೊಂಡಿದ್ದವು.

“ಅವ್ವಾ, ಯಾಕವ್ವ ಇಂಗ್ ಮಾಡ್ದೆ?”

“ತಾಮ್ರುದ್ ಮ್ಯಾಲೆ ನೀರ್ ಬುಟ್ಟು ದೀಪ ಅಚ್ಚಿಬುಟ್ಟು, ಒಂದ್ ಚಿಟ್ಕೆ ಅರಿಸ್ನ ಇಲ್ದೆ ಕುಂದ್ರುಸ್ದೋನು ನೀನು. ನನ್ನೇನ್ ಕೇಳ್ತೀಯ?” ಅಂದಳು. ಅವಳ ಮುಖದಲ್ಲಿ ತಪ್ಪು ಮಾಡಿದ ಕುರುಹೂ ಇರಲಿಲ್ಲ.

ಅದನ್ನು ಬಿಚ್ಚಿ, ಸೂಜಿಯಲ್ಲಿ ತುಳಸಿ ತೆಗೆದು, ಮತ್ತೆ ಜೋಡಿಸುವಷ್ಟರಲ್ಲಿ ಇನ್ನೆರಡು ದಿನ ಹೋದವು. ಮೇಷ್ಟ್ರು ಮೊದಲ ಸಲ ಬಂದು ಮೂರು ವಾರ ಆಗಿತ್ತು. ನಾನು ಅಷ್ಟು ದಿನದಲ್ಲಿ ಅವರ ಮಗಳ ಮದುವೆಯ ಒಂದು ತುಂಡನ್ನೂ ಮುಟ್ಟಿರಲಿಲ್ಲ. ತಾಮ್ರದ ಬಿಲ್ಲೆಗೆ ಮಾತ್ರ ಮದುಮಗಳ ಶೃಂಗಾರ ಮುಗಿಸಿದ್ದೆ. ಮಣೆಯ ಮೇಲೆ ಕಾಲಿಟ್ಟುಕೊಂಡು ಕೂತವನಿಗೆ ನನ್ನ ಮೇಲೇ ಅಸಹ್ಯವಾಯಿತು.

ಎಲ್ಲ ಮತ್ತೆ ಜೋಡಿಸಿ ಮುಗಿದ ಆ ದಿನ ಮಧ್ಯಾಹ್ನ ಒಂದೂವರೆ ಇರಬಹುದು. ಭಾವನೂ ಇದ್ದರು, ಮೇಷ್ಟ್ರು ಬೆಂಚಿನ ಮೇಲಿದ್ದರು. ನಾನೇ ಮೊದಲ ಸಲ ಅವರನ್ನು ಕರೆದೆ.

“ಬನ್ನಿ ಮೇಷ್ಟ್ರೇ, ಇವತ್ತು ಹಾಕ್ತೀನಿ. ಎಲ್ಲಿಂದ ತೋರ್ಸ್ಲಿ?”

ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

“ಮಗಳು ಒಂದು ಮಾತು ಹೇಳಿದ್ಲಪ್ಪ. ಛತ್ರದ ರೂಮಲ್ಲಿ ಅವಳಿಗೆ ಸೀರೆ ಉಡಿಸುವಾಗ ಅವರಮ್ಮ ನಿಮ್ಮವರಿಗೆ ಲೈಟ್ ಆರಿಸು ಅಂದ್ಲಂತೆ. ಆಮೇಲೆ ಏನೋ ಮಾತಾಡಿದ್ಲಂತೆ. ಅದು ಬಂದಿದೆಯಾ?”

ನನಗೆ ನೆನಪಾಯಿತು. ಮದುಮಗಳ ಮುಖಕ್ಕೆ ನಮ್ಮ ಲೈಟಿನವನು ದೊಡ್ಡ ದೀಪ ಹಿಡಿದಿದ್ದ. ಜಯಮ್ಮನವರು ಆರಿಸಲು ಹೇಳಿದರು, ಅವನು ಆರಿಸಿದ. ನಾನು ಕ್ಯಾಮೆರಾ ಕೆಳಗಿಳಿಸಿದೆ, ಆದರೆ ನಿಲ್ಲಿಸಲು ಮರೆತಿದ್ದೆ. ಆಮೇಲೆ, ಮೇಷ್ಟ್ರು ಕೇಳಿಕೊಂಡು ಬರುವುದಕ್ಕೆ ಮುಂಚೆಯೇ, ಮಿಕ್ಸಿಂಗಿನಲ್ಲಿ ಬರೀ ಕತ್ತಲೆ ಎಂದು ಆ ತುಂಡನ್ನು ಮೊದಲು ಕತ್ತರಿಸಿ, ಅದರ ಜಾಗಕ್ಕೆ ಗುಲಾಬಿ ಹಾಕಿದ್ದೆ. ಅವರು ಕೇಳದೆ ಇದ್ದಿದ್ದರೆ ಸಿ.ಡಿ. ಕೊಟ್ಟು ಎಲ್ಲವನ್ನೂ ಅಳಿಸಿಬಿಡುತ್ತಿದ್ದೆ. ಹುಡುಕಿದೆ, ಕತ್ತರಿಸದ ಮೂಲ ಇನ್ನೂ ಒಳಗಿತ್ತು. ಲೈಟು ಆರಿದ ಕಡೆಯಿಂದ ಹಾಕಿದೆ.

ಪರದೆ ಕತ್ತಲಾಯಿತು. ಕತ್ತಲಾದ ಗಾಜಿನ ಮೇಲೆ ನಮ್ಮ ಹನ್ನೆರಡು ನೀಲಿ ದೀಪಗಳು ಬಿದ್ದು ಹೊಳೆಯತೊಡಗಿದವು. ಬೇರೇನೂ ಕಾಣಲಿಲ್ಲ. ನಿಲ್ಲಿಸಿದೆ.

“ಕಿಟಕಿ ಬೆಳಕಲ್ಲಿ ಅವಳು ಸ್ವಲ್ಪ ಕಾಣ್ಬೋದೇನೋ” ಅಂದರು ಮೇಷ್ಟ್ರು. ಆಮೇಲೆ ಬಹಳ ಸಂಕೋಚದಿಂದ, “ಆ ಲೈಟು ಒಂದ್ ನಿಮಿಷ ಆರಿಸ್ತೀಯಾಪ್ಪ?” ಅಂದರು.

“ಭಾವ, ಲೈಟ್ ಆರ್ಸಿ” ಅಂದೆ.

ಭಾವ ಅಲುಗಾಡಲಿಲ್ಲ. ಕತ್ತು ಕೆರೆದುಕೊಂಡರು.

“ಅದುನ್ನ ಆರ್ಸುದ್ರೆ ಮೋಟ್ರೂ ನಿಲ್ತದೆ ಕಣ್ಲಾ.”

“ಯಾಕೆ?”

“ಅವತ್ತು ನೀರು ಜೋರಾಗಿತ್ತಲ್ಲ. ಅದುಕ್ಕೇ ಬಲ್ಬಿನ್ ಸಾಲ್ಗೇ ಮೋಟ್ರುನ್ನೂ ಸೇರುಸ್ಬುಟ್ಟೆ. ಬಲ್ಬು ಅರ್ಧ ಕರೆಂಟು ತಿನ್ಕಂಡು ಮಿಕ್ಕಿದ್ದು ಮೋಟ್ರಿಗೆ ಓಯ್ತದೆ. ನೀರು ಅದುಕ್ಕೇ ನಿಧಾನ.”

ಅಂದರೆ ನಮ್ಮ ಭಾವ ಚಪ್ಪರಕ್ಕೆ ಕಟ್ಟುವ ಹಾಗೇ ಕಟ್ಟಿದ್ದರು. ದೀಪದೊಳಗಿಂದ ಹಾಯ್ದ ಕರೆಂಟೇ ಮೋಟಾರಿಗೆ. ದೀಪ ಆರಿದರೆ ನೀರು ನಿಲ್ಲುತ್ತದೆ, ನೀರು ನಿಂತರೆ ಕಾವು ಏರುತ್ತದೆ, ಕಾವು ಏರಿದರೆ ಟಪ್. ಹನ್ನೆರಡರಲ್ಲಿ ಒಂದು ಬಲ್ಬು ತಾನಾಗಿ ಸತ್ತರೂ ಅಷ್ಟೇ. ಜಯಮ್ಮನವರ ದನಿಯನ್ನು ನಾನು ಒಂದು ಸೀರಿಯಲ್ ಸೆಟ್ಟಿಗೆ ನೇತುಹಾಕಿದ್ದೆ. ಭಾವನನ್ನು ಬೈಯಲು ಬಾಯಿ ತೆರೆದೆ. ನೀಲಿ ಬೇಕು, ಗುಳ್ಳೆ ಬೇಕು ಎಂದು ಹಟ ಹಿಡಿದವನು ನಾನೇ ಅಲ್ಲವೇ? ಬಾಯಿ ಮುಚ್ಚಿದೆ.

ಮೇಷ್ಟ್ರು ನಮ್ಮಿಬ್ಬರ ಮುಖ ನೋಡುತ್ತಿದ್ದರು. “ತೊಂದ್ರೆ ಆಗೋದಾದ್ರೆ ಬೇಡಪ್ಪ” ಅಂದರು.

ಆ ತುಂಡು ಒಂದು ನಿಮಿಷದ್ದೂ ಇರಲಿಲ್ಲ. ಪರದೆಯ ಮೂಲೆಯಲ್ಲಿ ಕಾವಿನ ಅಂಕಿ ಕಾಣುತ್ತಿತ್ತು. ನಾನು ಕೆಳಗೆ ಬಗ್ಗಿ ಪ್ಲಗ್ ಕಿತ್ತೆ. ನೀಲಿ ಹೋಯಿತು, ಗುಳ್ಳೆ ನಿಂತವು. ಸಾವಿತ್ರಿ ಒಳಬಾಗಿಲಲ್ಲಿ ಬಂದು ನಿಂತಿದ್ದಳು, ಅವಳೇ ಕೈ ಚಾಚಿ ಟ್ಯೂಬ್‌ಲೈಟನ್ನೂ ಆರಿಸಿ, ಬೀದಿ ಬಾಗಿಲನ್ನು ಮುಂದೆ ಮಾಡಿದಳು. ನಾನು ತುಸು ಹಿಂದಿನಿಂದ ಮತ್ತೆ ಹಾಕಿದೆ.

“ಏನಪ್ಪ ಅದು, ಆ ಲೈಟ್ ಒಸಿ ಆರ್ಸು. ನನ್ ಮಗಳ ಮುಖ ನಂಗೇ ಕಾಣ್ದಂಗೆ ಮಾಡ್ಬುಟ್ರಲ್ಲ” ಎಂದು ದನಿ ಬಂತು. ಪರದೆ ಕಪ್ಪಾಯಿತು. ಕಪ್ಪಿನೊಳಗೆ ಮೆಲ್ಲಗೆ ಒಂದು ಕಿಟಕಿ ಮೂಡಿತು, ಕಿಟಕಿಯ ಮುಂದೆ ಬಗ್ಗಿ ಸೆರಗು ಸರಿಮಾಡುವ ಒಂದು ಆಕಾರ, ಬಳೆಯ ಸದ್ದು.

“ಅಳ್ಬೇಡ, ಕಣ್ಕಪ್ಪು ಕಿತ್ತೋಯ್ತದೆ. ಇಲ್ ತಿರುಗು… ನಿಮ್ಮಪ್ಪ ಉಂಡ್ರಾ ಇಲ್ವಾ ಯಾರಾದ್ರೂ ನೋಡುದ್ರಾ? ಕೇಳೋರಿಲ್ದಿದ್ರೆ ಒಂದ್ ಕಡೆ ಅಂಗೇ ಕುಂತಿರ್ತಾರೆ. ಹಸಿವು ಅಂತ ಬಾಯ್ಬುಟ್ಟು ಕೇಳೋ ಜೀವ ಅಲ್ಲ ಅದು.”

ಅಷ್ಟೇ. ಯಾರೋ ಬಾಗಿಲು ತಟ್ಟಿದ ಸದ್ದಾಗಿ ತುಂಡು ಮುಗಿಯಿತು. ಕಾವಿನ ಅಂಕಿ ಏರುತ್ತಿತ್ತು. ನಾನು ಕಂಪ್ಯೂಟರನ್ನು ಸರಿಯಾದ ಕ್ರಮದಲ್ಲೇ ಆರಿಸಿದೆ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ ಕೂತರು. ಮೂರು ವಾರ ಅವರು ನನ್ನ ಬಾಗಿಲಲ್ಲಿ ಹಾಗೇ ಕೂತಿದ್ದರು. ನಾನು ಅವರ ಮುಂದೆಯೇ ಎದ್ದು ಒಳಗೆ ಹೋಗಿ, ಉಂಡು, ಬಾಯಿ ಒರೆಸಿಕೊಂಡು ಬಂದು ಬಿಲ್ಲೆ ಉಜ್ಜುತ್ತಿದ್ದೆ. ಅದನ್ನು ನೆನೆದರೆ ಈಗಲೂ ನನಗೆ ತಲೆ ಎತ್ತಲಾಗುವುದಿಲ್ಲ.

“ಮೇಷ್ಟ್ರೇ, ಊಟ ಆಯ್ತಾ?” ಎಂದು ಕೇಳಿದೆ.

“ಇಲ್ಲಪ್ಪ” ಅಂದರು.

ಸಾವಿತ್ರಿ ಆಗಲೇ ಒಳಗೆ ತಟ್ಟೆ ಹಾಕುತ್ತಿದ್ದಳು. ಮುದ್ದೆ, ಅವರೆಕಾಳು ಸಾರು, ಮಜ್ಜಿಗೆ. ಅವ್ವ ಎದುರು ಕೂತು ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಬಡಿಸಿದಳು, ಅವರು ಬೇಡವೆನ್ನದೆ ಉಂಡರು. ಅಷ್ಟರಲ್ಲಿ ಭಾವ ಬಲ್ಬುಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡರು. ಬಿಲ್ಲೆಯನ್ನು ಬಿಚ್ಚಿ ತೆಗೆದು, ಮೊದಲು ಕಿತ್ತಿಟ್ಟಿದ್ದ ಹಳೆಯ ಫ್ಯಾನನ್ನೇ ಚಿಪ್ ಮೇಲೆ ಕೂರಿಸಿದೆವು. ಸಾವಿತ್ರಿ ಒಳಗಿನಿಂದ ಟೇಬಲ್ ಫ್ಯಾನ್ ತಂದು ಡಬ್ಬದ ಮುಂದಿಟ್ಟು, ನನ್ನನ್ನು ಒಂದು ಸಲ ನೋಡಿ, ಸ್ವಿಚ್ ಒತ್ತಿದಳು. ಕಾವಿನ ಅಂಕಿ ಏರಲೇ ಇಲ್ಲ. ಅದೇ ವಾರ ಸಿ.ಡಿ.ಯೂ ಆಯಿತು, ಗುಲಾಬಿಯಿಲ್ಲದೆ, ಏನೂ ಕತ್ತರಿಸದೆ.

ಆದರೆ ಅವತ್ತು ಮೇಷ್ಟ್ರು ಕೈ ತೊಳೆದು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತರು. “ಇನ್ನೊಂದ್ಸಲ ಹಾಕಪ್ಪ” ಅಂದರು. ನಾನು ಲೈಟು ಆರಿಸಿ ಹಾಕಿದೆ. ಬಳೆಯ ಸದ್ದು ಬಂತು. ನಿಮ್ಮಪ್ಪ ಉಂಡ್ರಾ ಇಲ್ವಾ ಯಾರಾದ್ರೂ ನೋಡುದ್ರಾ ಎಂದು ಜಯಮ್ಮನವರು ಕೇಳಿದರು.

ಮೇಷ್ಟ್ರು ಪರದೆಯ ಕಡೆಗೆ ತುಸು ಬಗ್ಗಿದರು.

“ಆಯ್ತು ಕಣೇ” ಅಂದರು.